ಹದಿನೇಳನೆಯ ಬಿಳಿ

ಜೂನ್ 3, ಸೋಮವಾರ

ಅಂಚೆಯಲ್ಲಿ ಡ್ರೈವಿಂಗ್ ಲೈಸೆನ್ಸ್ ಬಂತು. ಫೋಟೋದಲ್ಲಿ ನಾನು ಯಾರಿಗೋ ಗುದ್ದಿ ಓಡುವಾಗ ಸಿಕ್ಕಿಬಿದ್ದವಳ ಹಾಗಿದ್ದೇನೆ. ಪಾಸಾಗಿದ್ದು ಮೂರನೆಯ ಸಲ. ಮೊದಲ ಸಲ ಕಾರನ್ನು ಹಿಂದಕ್ಕೆ ತೆಗೆಯಿರಿ ಅಂದರೆ ಮುಂದಕ್ಕೆ ಹೋಗಿದ್ದೆ. ಎರಡನೆಯ ಸಲದ್ದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ದಿನಚರಿಗೂ ಒಂದು ಮರ್ಯಾದೆ ಅಂತ ಇರುತ್ತದೆ.

ಅಪ್ಪ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ವಾಸನೆ ನೋಡುವವರಂತೆ ಮೂಗಿನ ಹತ್ತಿರ ತಂದುಕೊಂಡು ಬಹಳ ಹೊತ್ತು ನೋಡಿದರು. ಮೂವತ್ತೊಂದು ವರ್ಷ ಒಂದೇ ಕಂಪನಿಯ ಮ್ಯಾನೇಜರನ ಕಾರು ಓಡಿಸಿ ಹೋದ ವರ್ಷ ನಿವೃತ್ತರಾದವರು ಅವರು. ಆ ಅವಧಿಯಲ್ಲಿ ಮ್ಯಾನೇಜರುಗಳು ಐದು ಜನ ಬದಲಾದರು, ಕಾರುಗಳು ನಾಲ್ಕು ಬದಲಾದವು, ಅಪ್ಪ ಮಾತ್ರ ಬದಲಾಗಲಿಲ್ಲ. ಸ್ವಂತದ್ದು ಅಂತ ಒಂದು ಕಾರು ನಮ್ಮ ಮನೆ ಮುಂದೆ ಯಾವತ್ತೂ ನಿಂತಿಲ್ಲ.

ಲೈಸೆನ್ಸ್ ಬಂದ ದಿನವೇ ಲ್ಯಾಬಿನಲ್ಲಿ ಬಾಂಬು. ನಮ್ಮದು ಹಲ್ಲು ಕಟ್ಟುವ ಲ್ಯಾಬು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಹಲ್ಲು ಮಾಡಿ ಕಳಿಸುತ್ತೇವೆ. ಯಜಮಾನರನ್ನು ನಾವೆಲ್ಲ ದವಡೆ ಸಾರ್ ಅನ್ನುವುದು. ಅವರು ಊರಿನ ಆಚೆ ತುದಿಯಲ್ಲಿ ಶಾಖೆ ತೆರೆಯುತ್ತಾರಂತೆ.

"ಶಾಖೆ ನೋಡ್ಕೊಳ್ಳೋರು ಬೆಳಗ್ಗೆ ಎಂಟು ಕ್ಲಿನಿಕ್ ಸುತ್ತಬೇಕು. ಅಚ್ಚು ತರಬೇಕು, ಹಲ್ಲು ಕೊಡಬೇಕು. ಬೈಕಲ್ಲಿ ತಂದ್ರೆ ಅಚ್ಚು ಹೋಳು, ಬಸ್ಸಲ್ಲಿ ತಂದ್ರೆ ದಿನಾನೇ ಹಾಳು. ಕಾರು ಓಡಿಸೋರೇ ಬೇಕು," ಎಂದು ಹೇಳಿ ನನ್ನ ಕಡೆ ತಿರುಗಿದರು. "ಬಣ್ಣಮ್ಮ, ಮೊದಲ ಹಕ್ಕು ನಿಂದು. ಜುಲೈ ಒಂದನೇ ತಾರೀಕು ಬೆಳಗ್ಗೆ ಒಂಬತ್ತಕ್ಕೆ ಕಾರು ತಂದು ಈ ಬಾಗಿಲ ಮುಂದೆ ನಿಲ್ಸು, ಬೀಗದ ಕೈ ತಗೋ. ನಿನ್ನ ಕೈಲಾಗಲ್ಲ ಅಂದ್ರೆ ಪಾಲಿಷ್ ಹೋಗ್ತಾನೆ."

ಬಣ್ಣಮ್ಮ ನಾನು. ರೋಗಿಯ ಉಳಿದ ಹಲ್ಲುಗಳಿಗೆ ಹೊಂದುವ ಬಿಳಿಯನ್ನು ಆರಿಸುವುದು ನನ್ನ ಕೆಲಸ. ನಮ್ಮ ಶೇಡ್ ಪಟ್ಟಿಯಲ್ಲಿ, ಅಂದರೆ ಸಾಲಾಗಿ ಜೋಡಿಸಿದ ಮಾದರಿ ಹಲ್ಲುಗಳಲ್ಲಿ, ಹದಿನಾರು ಬಿಳಿಗಳಿವೆ. ಜನ ಎಲ್ಲವನ್ನೂ ಬಿಳಿ ಅನ್ನುತ್ತಾರೆ, ಪಾಪ. ಪಾಲಿಷ್ ಅಂದರೆ ಹಲ್ಲಿಗೆ ಪಾಲಿಷ್ ಮಾಡುವವನು. ಮಾತಿಗೂ ಮಾಡುತ್ತಾನೆ.

"ಸಾರ್, ನಮ್ಮ ಭಾವನ ಕಾರು ಸುಮ್ನೆ ನಿಂತಿದೆ ಸಾರ್. ನಾಳೆಯಿಂದಾದ್ರೂ ಸೈ," ಎಂದ.

ನಾಲ್ಕು ವರ್ಷದಿಂದ ನಾನು ಗೋಡೆಗೆ ಮುಖ ಮಾಡಿ, ಟ್ಯೂಬ್‌ಲೈಟಿನ ಕೆಳಗೆ ಕೂತು ಬಿಳಿ ನೋಡುತ್ತಿದ್ದೇನೆ. ಶಾಖೆಯಲ್ಲಿ ಉತ್ತರಕ್ಕೆ ದೊಡ್ಡ ಕಿಟಕಿ ಇದೆಯಂತೆ. ಹಗಲಿನ ಬೆಳಕು! ಬಣ್ಣ ನೋಡುವವಳಿಗೆ ಇದಕ್ಕಿಂತ ದೊಡ್ಡ ಬಡ್ತಿ ಇಲ್ಲ. ಶಾಖೆ ನನಗೇ ಬೇಕು.

ಕಾರು ಕೊಳ್ಳುತ್ತೇನೆ. ಕೊಳ್ಳುವುದಾದರೆ ಯಾವುದೋ ಒಂದು ಕಾರಲ್ಲ. ಕೈಗೆಟುಕಬೇಕು, ಕಣ್ಣಿಗೂ ಬೀಳಬೇಕು. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದವರು ಕತ್ತು ತಿರುಗಿಸಬೇಕು. ಯಾವ ಬಣ್ಣವಾದರೂ ಆದೀತು, ಬಿಳಿಯೊಂದು ಬೇಡ. ದಿನಕ್ಕೆ ಎಂಟು ಗಂಟೆ ಬಿಳಿ ನೋಡಿದವಳು ಹೊರಗೆ ಬಂದು ಬಿಳಿಯೊಳಗೆ ಕೂರಬೇಕೆ?

ಜೂನ್ 5, ಬುಧವಾರ

ಊಟದ ಬಿಡುವಿನಲ್ಲಿ ಹೊಸ ಕಾರಿನ ಷೋರೂಮಿಗೆ ಹೋದೆ. ಬಾಗಿಲು ತಾನಾಗಿ ತೆರೆದುಕೊಂಡಿತು. ಬೆಲೆ ಕೇಳಿದ ಮೇಲೆ ಮತ್ತೆ ತಾನಾಗಿ ತೆರೆದುಕೊಂಡಿತು. ನನ್ನ ಉಳಿತಾಯಕ್ಕೆ ಅಲ್ಲಿ ನಾಲ್ಕು ಚಕ್ರ ಮತ್ತು ಒಂದು ಹಾರ್ನ್ ಬರುತ್ತದೆ. ಟೈ ಕಟ್ಟಿದ ಹುಡುಗಿಗೆ ಬೇಸರವೇನೂ ಆಗಲಿಲ್ಲ. "ಮೇಡಂ, ಕಾರು ಅನ್ನೋದು ಒಂದು ಭಾವನೆ," ಎಂದಳು. ಭಾವನೆಯೇ ಆದರೆ ಮನೆಯಲ್ಲಿ ಪುಕ್ಕಟೆ ಇದೆಯಲ್ಲ.

ಪಾಲಿಷನಿಗೆ ಭಾವನಿದ್ದಾನೆ, ನನಗೆ ಭಾವನೆ ಇದೆ. ಸೆಕೆಂಡ್‌ಹ್ಯಾಂಡೇ ಗತಿ.

ಜೂನ್ 8, ಶನಿವಾರ

ಹಳೆ ಕಾರಿನ ದಲ್ಲಾಳಿಯೊಬ್ಬ ಸಿಕ್ಕಿದ್ದಾನೆ. ಅವನು ತೋರಿಸುವ ಪ್ರತಿ ಕಾರೂ 'ಒಂದೇ ಕೈಲಿ ಓಡಿದ್ದು', ಆದ್ದರಿಂದ ಅವನಿಗೆ ಒಂದೇಕೈ ಎಂದು ನಾಮಕರಣ ಮಾಡಿದ್ದೇನೆ. ಮೊದಲು ಹಳದಿ ಕಾರು ತೋರಿಸಿದ. ಸೀಟುಗಳಲ್ಲಿ ಐದು ಜನ ಕೂತ ಐದು ಬಗೆಯ ಹಳ್ಳಗಳು, ಕ್ಲಚ್ಚಿನ ರಬ್ಬರು ಸವೆದು ಕನ್ನಡಿ.

"ಒಬ್ರು ಡಾಕ್ಟರದ್ದು ಮೇಡಂ. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಒಂದೇ ಕೈ."

"ಆಸ್ಪತ್ರೆ ಯಾವ ದೇಶದಲ್ಲಿತ್ತಪ್ಪಾ?" ಅಂದರು ಅಪ್ಪ. ದಂತಕಥೆ ಕಟ್ಟುವುದು ನಮ್ಮ ಕಸುಬು ಎಂದುಕೊಂಡಿದ್ದೆ. ಈತ ನಮ್ಮನ್ನೂ ಮೀರಿಸಿದವನು.

ಅಪ್ಪ ಕಾರು ನೋಡುವ ರೀತಿಯೇ ಬೇರೆ. ಅವರು ನೋಡುವುದೇ ಇಲ್ಲ, ಕೇಳುತ್ತಾರೆ. ಬಾನೆಟ್ಟಿಗೆ ಕಿವಿಯಿಟ್ಟರು, ಟಯರನ್ನು ಬೆರಳಿನಲ್ಲಿ ಸವರಿದರು, ಎಣ್ಣೆಯ ಕಡ್ಡಿ ಎಳೆದು ಮೂಸಿದರು. ಮೂವತ್ತೊಂದು ವರ್ಷದ ಅನುಭವವೆಂದರೆ ಸುಮ್ಮನೆಯೇ! ಆಮೇಲೆ, "ಒಂದು ಸುತ್ತು ಹೋಗಿ ಬಾ ಪುಟ್ಟಿ. ಓಡಿಸದೆ ಗೊತ್ತಾಗಲ್ಲ," ಎಂದರು.

"ನೀವೇ ಓಡ್ಸಿ ಅಪ್ಪ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

"ಕನ್ನಡಕ ಮರೆತು ಬಂದಿದೀನಿ."

ನಾನು ಹಳದಿಯನ್ನು ಇನ್ನೊಮ್ಮೆ ಪರಿಶೀಲಿಸಿದೆ. ದೂರದಿಂದ ನಿಂಬೆಹಣ್ಣು, ಹತ್ತಿರದಿಂದ ಸಾಸಿವೆ. ಒಂದು ನಿಲುವಿಲ್ಲದ ಬಣ್ಣ. ಬೇಡ ಅಂದೆ.

ಜೂನ್ 12, ಬುಧವಾರ

ಹಸಿರು ಕಾರು. ದುಂಡನೆಯ ದೀಪಗಳು, ಸದಾ ಆಶ್ಚರ್ಯದಲ್ಲಿರುವ ಮುಖ. ಬಹಳ ಇಷ್ಟವಾಯಿತು. ಒಂದೇಕೈಯೇ ಓಡಿಸಿದ, ನಾನು ಹಿಂದೆ ಕೂತೆ. ತಿರುವಿನಲ್ಲಿ ಹಾರ್ನ್ ಹೊಡೆದರೆ ಆಡು ಕೆಮ್ಮಿದಂತಾಯಿತು. ಇಂಥ ಮುಖಕ್ಕೆ ಇಂಥ ಧ್ವನಿಯೇ? ವ್ಯಕ್ತಿತ್ವದಲ್ಲಿ ಹೊಂದಾಣಿಕೆಯಿಲ್ಲ. ಬೇಡ ಅಂದೆ.

"ಹಾರ್ನ್ ಬದಲಾಯಿಸಬಹುದು ಮೇಡಂ, ಅರ್ಧ ಗಂಟೆ ಕೆಲಸ."

"ಮುಖ ಬದಲಾಗಲ್ಲವಲ್ಲ," ಎಂದೆ. ಅವನು ಒಂದು ಸಲ ಕಾರಿನ ಮುಖ ನೋಡಿದ, ಒಂದು ಸಲ ನನ್ನದು.

ವಾಪಸು ಬರುವಾಗ ನಿಲ್ದಾಣದಲ್ಲಿ ಅಪ್ಪ ಪ್ರತಿ ಬಸ್ಸಿಗೂ, "ಎಷ್ಟನೇ ನಂಬರು ಹೇಳು," ಎಂದು ಕೇಳುತ್ತಿದ್ದರು. ಡ್ರೈವರಾಗುವವಳ ಕಣ್ಣು ಪರೀಕ್ಷೆ ಮಾಡುತ್ತಿದ್ದರೇನೋ. ಒಂದೂ ತಪ್ಪಲಿಲ್ಲ ನಾನು.

ಜೂನ್ 16, ಭಾನುವಾರ

ಎರಡೇ ಬಾಗಿಲಿನ ಕಿತ್ತಳೆ ಕಾರು. ಮೇಲ್ಛಾವಣಿಯನ್ನು ಮಡಿಚಬಹುದು. ಮಡಿಚಿದ್ದನ್ನು ಬಿಡಿಸಲು ಮಾತ್ರ ಆಗುವುದಿಲ್ಲ. "ಅದೇ ಇದರ ಸ್ಪೆಷಲ್," ಎಂದ ಒಂದೇಕೈ. ಬೀಗದ ಕೈಯನ್ನು ನನ್ನ ಅಂಗೈ ಮೇಲೆ ಇಟ್ಟೇಬಿಟ್ಟ. ಲೋಹ ಬಿಸಿಲಿಗೆ ಕಾದಿತ್ತು.

"ಇವತ್ತು ಚಪ್ಪಲಿ ಸರಿಯಿಲ್ಲ," ಎಂದೆ. "ಹಿಮ್ಮಡಿ ಎತ್ತರ. ಕ್ಲಚ್ಚು ಜಾರುತ್ತೆ."

ಅಪ್ಪ ಮತ್ತೆ ಕನ್ನಡಕ ಮರೆತಿದ್ದರು. ಈ ವಯಸ್ಸಿನಲ್ಲಿ ಮರೆವು ಸಹಜ, ಆದರೂ ಇಷ್ಟೊಂದು ಮರೆವು ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿದೆ.

ಮನೆಗೆ ಬಂದರೆ ಅಮ್ಮ ಹೊಲಿಗೆ ಮೆಷಿನ್ನಿನ ಮುಂದಿನಿಂದ ಏಳದೆಯೇ ವಿಚಾರಣೆ ಶುರುಮಾಡಿದಳು.

"ಇವತ್ತೇನಾಗಿತ್ತಂತೆ ಕಾರಿಗೆ?"

"ಕಾರಿಗೇನಿಲ್ಲಮ್ಮ. ಚಪ್ಪಲಿ..."

"ಕಾರಿಗೆ ತಕ್ಕ ಚಪ್ಪಲಿ ಹುಡುಕ್ತಿದೀಯೋ, ಚಪ್ಪಲಿಗೆ ತಕ್ಕ ಕಾರೋ? ಹದಿನೈದು ದಿನ ಇದೆ ಕಣೇ. ಆ ಪಾಲಿಷ್ ಈಗಾಗ್ಲೇ ಕಿಟಕಿ ತೆಗೆದು ಕೂತಿರ್ತಾನೆ."

"ಮೊದಲ ಕಾರಮ್ಮ. ಅವಸರಕ್ಕೆ ಯಾವುದೋ ಒಂದನ್ನ ತಗೊಳ್ಳೋಕಾಗುತ್ತಾ? ಅದು ನನ್ನ ಹಾಗಿರಬೇಕು."

"ನಿನ್ನ ಹಾಗಿದ್ರೆ ಅರ್ಧ ದಾರೀಲಿ ಇಳಿದು ನಡ್ಕೊಂಡು ಬಂದುಬಿಡುತ್ತೆ."

ಇದು ಎರಡನೆಯ ಪರೀಕ್ಷೆಯ ವಿಷಯ. ಇಷ್ಟಾದ ಮೇಲೆ ಬರೆದೇ ಬಿಡುತ್ತೇನೆ. ಗಡಿಯಾರದ ಗೋಪುರದ ಹತ್ತಿರ ನಾಲ್ಕು ರಸ್ತೆ ಸೇರುವಲ್ಲಿ ಇಂಜಿನ್ ಬಂದ್ ಆಯಿತು. ಚಾಲೂ ಮಾಡಿದೆ, ಬಂದ್ ಆಯಿತು. ಹಿಂದೆ ಬಸ್ಸೊಂದು ಹಾರ್ನ್ ಹೊಡೆಯತೊಡಗಿತು, ಅದರ ಹಿಂದಿನವರೆಲ್ಲ ಸೇರಿಕೊಂಡರು. ಮೂರನೆಯ ಸಲ ಚಾಲೂ ಆಯಿತು. ಅಷ್ಟರಲ್ಲಿ ನಾನು ಬಾಗಿಲು ತೆಗೆದು ಇಳಿದು, ಸೌಜನ್ಯಕ್ಕೆ ಬಾಗಿಲು ಮುಚ್ಚಿ, ಮನೆಗೆ ನಡೆದಿದ್ದೆ. ಪರೀಕ್ಷೆ ಮಾಡುವ ಅಧಿಕಾರಿ ಕಾರಿನೊಳಗೇ ಇದ್ದರು. ಆದದ್ದು ಇಷ್ಟೇ. ಅದಕ್ಕೂ ಕಿತ್ತಳೆ ಕಾರಿಗೂ ಯಾವ ಸಂಬಂಧವೂ ಇಲ್ಲ.

ಜೂನ್ 18, ಮಂಗಳವಾರ

ಕಾರು ನೋಡಲಿಲ್ಲ. ತಲೆನೋವು.

ಜೂನ್ 19, ಬುಧವಾರ

ಪಾಲಿಷ್ ನನ್ನ ಮೇಜಿನ ಹತ್ತಿರ ಬಂದು, "ಅಕ್ಕ, ಶಾಖೆ ಕಿಟಕಿಗೆ ಯಾವ ಬಣ್ಣದ ಪರದೆ ಹಾಕಿಸಿದ್ರೆ ಚೆಂದ? ನಿಮಗೆ ಬಣ್ಣ ಗೊತ್ತಾಗುತ್ತಲ್ಲ," ಎಂದ. ನನಗಿಂತ ಮೂರು ವರ್ಷ ದೊಡ್ಡವನು. ಸೋಲಿಸುವ ಮೊದಲು ಅಕ್ಕ ಅನ್ನುವುದು ಅವನ ಪದ್ಧತಿ.

ಸಂಜೆ ಅವನದೇ ಕೈಯ ಒಂದು ಸೆಟ್ಟು ವಾಪಸು ಬಂತು. ನಾನು ತಲೆನೋವಿನಿಂದ ಬೇಗ ಹೋಗಿದ್ದ ನಿನ್ನೆ, ಬಣ್ಣವನ್ನೂ ತಾನೇ ಆರಿಸಿದ್ದನಂತೆ. ಗಿರಾಕಿ ಬ್ಯಾಂಕಿನ ನಿವೃತ್ತ ಕ್ಯಾಷಿಯರ್, ಖುದ್ದಾಗಿ ಬಂದಿದ್ದರು. "ಬಾಯಿ ತೆಗೆದ್ರೆ ಮೊಮ್ಮಗು ಕಣ್ಣು ಮುಚ್ಕೊಳ್ಳುತ್ತೆ ಕಣ್ರೀ!" ಎಂದರು. ನಿಜವೇ. ಮೇಲಿನ ನಾಲ್ಕು ಹಲ್ಲು ಪಟ್ಟಿಯ ಎ-ಒಂದು, ಹಾಲಿನಂಥ ಬಿಳಿ; ಅಕ್ಕಪಕ್ಕದವೆಲ್ಲ ಎ-ಮೂರು, ಹಳದಿ ಬೆರೆತದ್ದು.

"ಎಲ್ಲಾ ಬಿಳೀನೇ ಅಲ್ವಾ ಸಾರ್?" ಎಂದ ಪಾಲಿಷ್.

ದವಡೆ ಸಾರ್ ಹಲ್ಲು ಕಡಿದರು. ಅವರದ್ದು ಮಾತ್ರ ಸ್ವಂತ ಹಲ್ಲು. ಆಮೇಲೆ ನನ್ನ ಕಡೆ ನೋಡಿ, "ಕಾರು ಎಲ್ಲಿಗೆ ಬಂತು ಬಣ್ಣಮ್ಮ?" ಎಂದರು.

"ಫೈನಲ್ ಆಗ್ತಿದೆ ಸಾರ್," ಎಂದೆ.

ಜೂನ್ 22, ಶನಿವಾರ

ಒಂದೇಕೈಯನ್ನು ಬಿಟ್ಟು ಅಪ್ಪನ ಹಳೆಯ ಡ್ರೈವರ್ ಸ್ನೇಹಿತರ ಮೂಲಕ ಒಂದು ಕಾರು ನೋಡಲು ಹೋದೆವು. ಒಡತಿ ನಿವೃತ್ತ ನರ್ಸ್, ಮೂವತ್ತಾರು ವರ್ಷ ಕಣ್ಣಿನ ವಾರ್ಡಿನಲ್ಲಿದ್ದವರು. ಈಗಲೂ ಎಲ್ಲರೂ ಸಿಸ್ಟರ್ ಅನ್ನುತ್ತಾರೆ. ಮೊಣಕಾಲಿನ ಆಪರೇಷನ್ ಆಗಿ ಕ್ಲಚ್ಚು ಒತ್ತಲು ಆಗದೆ ಮಾರುತ್ತಿದ್ದಾರೆ. ಕಾರಿನ ಮೇಲೆ ಆಸ್ಪತ್ರೆಯ ಹಾಸಿಗೆಯಂತೆ ಮೂಲೆ ಮಡಿಚಿ ಬಿಗಿಯಾಗಿ ಚಾದರ ಹೊದಿಸಿದ್ದರು. ಎಳೆದರು.

ಬಿಳಿ!

ಇಡೀ ಬೀದಿಯಲ್ಲಿ ಎಷ್ಟು ಕಾರಿದೆಯೋ ಅಷ್ಟೂ ಬಿಳಿ, ಇದೂ ಬಿಳಿ. ನಾಲ್ಕು ಬಾಗಿಲು, ನಾಲ್ಕು ಚಕ್ರ, ಮುಖದಲ್ಲಿ ಯಾವ ಭಾವವೂ ಇಲ್ಲ. ಬೆಲೆ ಮಾತ್ರ ನನ್ನ ಉಳಿತಾಯವನ್ನು ನೋಡಿಯೇ ಇಟ್ಟಂತಿತ್ತು. ನಾನು ಸೌಜನ್ಯಕ್ಕೆ ಒಂದು ಸುತ್ತು ಬಂದೆ. ಹಿಂದಿನ ಎಡ ಬಾಗಿಲ ಹತ್ತಿರ ನಿಂತೆ.

"ಈ ಬಾಗಿಲು ಬದಲಾಗಿದೆ."

ಸಿಸ್ಟರ್ ಕೋಲು ಊರಿಕೊಂಡು ಬಂದರು. "ಯಾರಮ್ಮ ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ಲ. ಕಾರು ಎ-ಒಂದರ ಆಸುಪಾಸು. ಬಾಗಿಲಲ್ಲಿ ಒಂದು ಎಳೆ ಹಳದಿ, ಒಂದು ಎಳೆ ಬೂದಿ ಹೆಚ್ಚಿದೆ."

"ಆರು ವರ್ಷ ಆಯ್ತು. ಮೆಕ್ಯಾನಿಕ್ಕಿಗೇ ಗೊತ್ತಾಗಿರಲಿಲ್ಲ," ಎಂದು ಅವರು ನಗಲು ಶುರುಮಾಡಿದರು. "ರಸ್ತೆ ಬಲಗಡೆ ನಿಲ್ಸಿದ್ದೆ, ಹಿಂದಿನ ಸೀಟಿಂದ ಚೀಲ ತಗೊಳ್ಳೋಣ ಅಂತ ಹಿಂದೆ ನೋಡದೆ ಬಾಗಿಲು ತೆಗೆದೆ. ನಾನು ಬಾಗಿಲು ತೆಗೆದೆ, ವ್ಯಾನಿನವನು ತಗೊಂಡೇ ಹೋದ! ಕೈಯಲ್ಲಿ ಹಿಡಿಕೆ ಮಾತ್ರ ಉಳೀತು."

"ಅಯ್ಯೋ. ಆಮೇಲೆ ಭಯ ಆಗ್ಲಿಲ್ವಾ ಓಡ್ಸೋಕೆ?"

"ಆಗದೆ ಏನು! ಆ ರಾತ್ರಿ ಬೀಗದ ಕೈನ ಡಬ್ಬೀಲಿ ಮುಚ್ಚಿಟ್ಟೆ. ಮಾರನೇ ದಿನ ಬೆಳಗ್ಗೆ ಡ್ಯೂಟಿ ಇತ್ತಲ್ಲಮ್ಮ, ಹೋದೆ."

ಅಪ್ಪ ಇಂಜಿನ್ನಿಗೆ ಕಿವಿ ಕೊಟ್ಟು ನಿಂತಿದ್ದರು. ಮುಖದ ಮೇಲೆ ಒಳ್ಳೆಯ ಸಂಗೀತ ಕೇಳುವವರ ಕಳೆ. "ಇದು ಸುಳ್ಳು ಹೇಳದ ಇಂಜಿನ್ನು ಪುಟ್ಟಿ. ಹತ್ತು," ಎಂದರು.

ಬಿಳಿ ಬೇಡ ಅಂದೆ. "ನೀವೇ ಒಂದು ಸುತ್ತು ಹೋಗಿಬನ್ನಿ ಬೇಕಾದ್ರೆ," ಎಂದರೆ ಮತ್ತೆ ಅದೇ ಕನ್ನಡಕದ ಕಥೆ. ಈ ಸಲ ಕನ್ನಡಕ ಅವರ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ನನ್ನನ್ನು ಹತ್ತಿಸಲು ನಾಟಕ! ನಾನು ಕಂಡೂ ಕಾಣದಂತಿದ್ದೆ.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು: "ನಿಂಗೆ ಬೇಕಾಗಿರೋದು ಬೇರೆಯವರು ನೋಡೋ ಕಾರು. ನಾನು ಅಂಥ ಕಾರುಗಳನ್ನೇ ಓಡಿಸಿದ್ದು. ಎಲ್ರೂ ತಿರುಗಿ ನೋಡೋರು. ನೋಡ್ತಿದ್ದದ್ದು ಹಿಂದಿನ ಸೀಟು."

ನಾನು ಟಿಕೆಟ್ಟು ಮಡಿಚುತ್ತ ಕೂತೆ.

ಜೂನ್ 26, ಬುಧವಾರ

ಐದು ದಿನ. ಇವತ್ತಿನವರೆಗೆ ನೋಡಿದ ಕಾರುಗಳು ಹನ್ನೊಂದು. ನೀಲಿಯದು ಯಾರದೋ ಮದುವೆಗೆ ಹೊರಟಂತಿತ್ತು. ಕಂದುಬಣ್ಣದ್ದರ ನಂಬರು ಕೂಡಿದರೆ ಹದಿಮೂರು. ಕೆಂಪಿನದು ಸರಿಯಾಗಿಯೇ ಇತ್ತು, ಆದರೆ ಸರಿಯಾಗಿರುವುದರಲ್ಲಿ ವಿಶೇಷವೇನು? ನೇರಳೆ ಕಾರಿನಲ್ಲಿ ಕೂತಾಗ ಬದನೆಕಾಯಿಯೊಳಗಿನ ಹುಳು ಎನ್ನಿಸಿತು. ಹೀಗೆ ಪ್ರತಿಯೊಂದಕ್ಕೂ ಘನವಾದ ಕಾರಣವಿದೆ. ಕಾರಿಗಿಂತ ಕಾರಣವೇ ಹೆಚ್ಚು ಗಟ್ಟಿಮುಟ್ಟು.

ಈ ಪುಟಗಳನ್ನು ತಿರುವಿಹಾಕಿದಾಗ ಒಂದು ವಿಷಯ ಕಂಡಿತು. ಹನ್ನೊಂದರಲ್ಲಿ ಒಂದನ್ನೂ ನಾನು ಓಡಿಸಿಲ್ಲ. ಬೀಗದ ಕೈಯನ್ನೇ ತಿರುಗಿಸಿಲ್ಲ. ಕಾಕತಾಳೀಯ.

ಪಾಲಿಷ್ ಇವತ್ತು ಪರದೆಯ ಬಟ್ಟೆ ತಂದಿದ್ದ. ಅಮ್ಮನ ಹತ್ತಿರ ಹೊಲಿಸಿಕೊಡುತ್ತೀರಾ ಅಂತ ನನ್ನನ್ನೇ ಕೇಳಿದ. ಅಳತೆ ಬರೆದ ಚೀಟಿ ಕೈಗೆ ಕೊಟ್ಟ: ಕಿಟಕಿ ಐದಡಿಗೆ ನಾಲ್ಕಡಿ. ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಚೀಟಿಯನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಅದನ್ನು ಓದಿ, ನನ್ನ ಮುಖ ನೋಡಿ, "ನಾನು ಹೊಲಿಯಲ್ಲ," ಎಂದಷ್ಟೇ ಹೇಳಿದಳು. ಅವಳು ಗಿರಾಕಿಯನ್ನು ತಿರುಗಿ ಕಳಿಸಿದ್ದು ಇದೇ ಮೊದಲು.

ಜೂನ್ 29, ಶನಿವಾರ

ಅಕ್ಷರ ಸೊಟ್ಟಗಾದರೆ ಆಗಲಿ, ಇವತ್ತೇ ಬರೆಯಬೇಕು.

ಬೆಳಗ್ಗೆ ಅಪ್ಪ, "ಸಿಸ್ಟರ್ ಮನೆಗೆ ಹೋಗಿಬರೋಣ, ಕಾರು ಬೇಡ ಅಂತ ಎದುರಿಗೇ ಹೇಳಿಬಿಡು. ಅವರು ಕಾಯ್ತಿದಾರೆ," ಎಂದರು. ಅದೂ ಸರಿಯೇ. ಹೋದೆವು. ಸಿಸ್ಟರ್ ಗೇಟಿನಲ್ಲೇ ನಿಂತಿದ್ದರು. ಹತ್ತೂವರೆಗೆ ಮೊಣಕಾಲಿನ ಡಾಕ್ಟರ ಹತ್ತಿರ ಇರಬೇಕಿತ್ತು, ಕರೆದ ಟ್ಯಾಕ್ಸಿ ಕೈಕೊಟ್ಟಿತ್ತು.

"ದೇವರು ಕಳಿಸಿದ ಹಾಗೆ ಬಂದ್ರಿ. ಅಣ್ಣಾ, ಒಂದಿಷ್ಟು ಬಿಟ್ಟುಬರ್ತೀರಾ? ತಪ್ಪಿದ್ರೆ ಇನ್ನು ಮೂರು ವಾರ ಸಿಗಲ್ಲ ಆ ಡಾಕ್ಟ್ರು," ಎಂದು ಬೀಗದ ಕೈ ನೀಡಿದರು.

ಅಪ್ಪ ಕೈ ಚಾಚಲಿಲ್ಲ. "ಕನ್ನಡಕ..." ಎಂದರು.

ಕನ್ನಡಕ ಅವರ ಮೂಗಿನ ಮೇಲೇ ಇತ್ತು.

ನನಗೆ ನಗು ಬಂತು. ಸಿಸ್ಟರ್ ನಗಲಿಲ್ಲ. ಕೋಲನ್ನು ಗೇಟಿಗೆ ಒರಗಿಸಿ, ಅಪ್ಪನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಒಂದು ರೆಪ್ಪೆಯನ್ನು ಹೆಬ್ಬೆರಳಿನಿಂದ ಮೇಲೆತ್ತಿ ನೋಡಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಕೈ ಎತ್ತಿದರು.

"ಎಷ್ಟು ಬೆರಳು?"

"ಮೂರು," ಅಂದರು ಅಪ್ಪ. "ಬೆರಳು ಎಣಿಸ್ತೀನಿ ಸಿಸ್ಟರ್. ಲಾರಿ ಎಣಿಸೋಕಾಗಲ್ಲ."

"ಯಾವಾಗಿಂದ?"

"ಆರು ತಿಂಗಳಾಯ್ತು. ಲೈಸೆನ್ಸ್ ನವೀಕರಣಕ್ಕೆ ಹೋದಾಗ ಬೋರ್ಡು ಓದಿ ಅಂದ್ರು. ಬೋರ್ಡು ಎಲ್ಲಿದೆ ಅಂತ ಕೇಳಿದೆ." ಇಷ್ಟು ಹೇಳಿ ನನ್ನ ಕಡೆ ತಿರುಗಿ ಸಣ್ಣಗೆ ನಕ್ಕರು, ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ. "ಮನೇಲಿ ಹೇಳೋಕೆ ಒಂಥರಾ ಆಯ್ತು. ಡ್ರೈವರ್ ಅಂತ ಅನ್ನಿಸ್ಕೊಂಡಿದ್ದೆ ನೋಡು."

ಎಣ್ಣೆ ಮೂಸಿದ್ದು, ಟಯರು ಸವರಿದ್ದು, ಬಸ್ಸಿನ ನಂಬರು. ನಾನು ಹದಿನಾರು ಬಿಳಿ ಗುರುತಿಸುವವಳು.

"ಡಾಕ್ಟ್ರಿಗೆ ತೋರಿಸಿದ್ರಾ?" ಎಂದು ಸಿಸ್ಟರ್ ಗದರಿದರು. "ಇಲ್ಲ ತಾನೇ? ಮೂವತ್ತಾರು ವರ್ಷ ಇಂಥೋರನ್ನೇ ಬೈದಿದೀನಿ. ಸೋಮವಾರ ಬನ್ನಿ, ನಮ್ಮ ಆಸ್ಪತ್ರೇಲಿ ನಾನೇ ಮಾತಾಡ್ತೀನಿ. ಸರಿ, ಈಗ ನನ್ನ ಮೊಣಕಾಲು ಏನಾಗ್ಬೇಕು?"

ಬೀಗದ ಕೈ ಇನ್ನೂ ಅವರ ಕೈಯಲ್ಲೇ ತೂಗುತ್ತಿತ್ತು. ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚಪ್ಪಲಿಯ ವಿಷಯ ಹೇಳುತ್ತಿದ್ದೆನೇನೋ.

ತಗೊಂಡೆ.

ಸಿಸ್ಟರ್ ಕಾಲು ಚಾಚಿಕೊಂಡು ಹಿಂದೆ, ಅಪ್ಪ ಪಕ್ಕದಲ್ಲಿ. ಗೇಟಿನಿಂದ ಹೊರಗೆ ಬರುವಷ್ಟರಲ್ಲಿ ಎರಡು ಸಲ ಬಂದ್. ಅಪ್ಪ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. "ಈಗ ಎರಡನೇ ಗೇರು... ಕೇಳ್ತಾ? ಒಂಚೂರು ದನಿ ದಪ್ಪ ಆಯ್ತಲ್ಲ, ಈಗ ಮೂರು," ಅನ್ನುತ್ತಿದ್ದರು. ದನಿ ದಪ್ಪಗಾಗುವುದು ನನಗೂ ಕೇಳಿಸಿತು. ಡ್ರೈವಿಂಗ್ ಶಾಲೆಯಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಮೊಣಕಾಲಿನ ಆಸ್ಪತ್ರೆಗೆ ಹೋಗಲು ಇರುವುದು ಒಂದೇ ದಾರಿ. ಗಡಿಯಾರದ ಗೋಪುರ, ಅವೇ ನಾಲ್ಕು ರಸ್ತೆ. ಸರಿಯಾಗಿ ಅದೇ ಜಾಗದಲ್ಲಿ ಇಂಜಿನ್ ಬಂದ್. ಕಾರುಗಳಿಗೆ ಆ ಜಾಗ ಮೊದಲೇ ಗೊತ್ತಿರುತ್ತದೆ ಎಂದು ಕಾಣುತ್ತದೆ. ಹಿಂದೆ ಬಸ್ಸು. ಅದೇ ಬಸ್ಸೋ ಏನೋ! ಹಾರ್ನ್. ಚಾಲೂ ಮಾಡಿದೆ, ಬಂದ್ ಆಯಿತು. ಹಾರ್ನುಗಳೆಲ್ಲ ಸೇರಿ ಒಂದು ಗೋಡೆಯಾಯಿತು. ನನ್ನ ಬಲಗೈ ತಾನಾಗಿ ಬಾಗಿಲ ಹಿಡಿಕೆಗೆ ಹೋಗಿತ್ತು.

"ಅವನು ಹೊಡೀಲಿ," ಎಂದರು ಅಪ್ಪ, ಕಣ್ಣು ತೆರೆಯದೆ. "ಹಾರ್ನ್ ಹೊಡೆಯೋದು ಅವನ ಕೆಲಸ. ನಿನ್ನ ಕೆಲಸ ಕ್ಲಚ್ಚು."

"ಮೊಣಕಾಲು ಮುರಿದ ಮುದುಕಿ ಇದೀನಮ್ಮ ಹಿಂದೆ," ಎಂದರು ಸಿಸ್ಟರ್. "ನೀನು ಇಳಿದು ಹೋದ್ರೆ ನಾನು ಓಡಿ ಬರೋಳಲ್ಲ."

ನಾನು ಇಳಿದುಹೋದ ಕಥೆಯನ್ನು ಅಪ್ಪ ಇವರಿಗೂ ಹೇಳಿದ್ದಾರೆ! ಸಿಟ್ಟು ಬಂತು. ಸಿಟ್ಟಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟೆ. ಕಾರು ಹೊರಟಿತು.

ಹತ್ತು ಇಪ್ಪತ್ತೆಂಟಕ್ಕೆ ಆಸ್ಪತ್ರೆಯ ಬಾಗಿಲು. ವಾಪಸು ಬರುವಾಗ ಸಿಸ್ಟರ್, "ಕಾರು ಬೇಡ ಅಂತ ಹೇಳೋಕೆ ಬಂದಿದ್ದೆಯಂತೆ?" ಎಂದರು. "ಯಾರು ಹೇಳಿದ್ದು?" ಎಂದೆ.

ಜೂನ್ 30, ಭಾನುವಾರ

ಕಾಗದ ಪತ್ರ, ಸಹಿ, ಎಲ್ಲ ಮುಗಿಯಿತು. ಬಿಳಿ ಕಾರು. ಏನು ಮಾಡುವುದು, ಬೇರೆ ಹುಡುಕಲು ಸಮಯವಿರಲಿಲ್ಲ. ಪರಿಸ್ಥಿತಿಗೆ ತಲೆಬಾಗಿದ್ದೇನೆ, ಅಷ್ಟೆ. ಬೆಳಗ್ಗೆ ಆರಕ್ಕೆ ಎದ್ದು ಶಾಖೆಯ ದಾರಿಯಲ್ಲಿ ಮೂರು ಸಲ ಹೋಗಿಬಂದೆ, ಬರೇ ಪೆಟ್ರೋಲು ಎಷ್ಟು ಕುಡಿಯುತ್ತದೆ ನೋಡಲು. ಗೋಪುರದ ಹತ್ತಿರ ಒಂದು ಸಲ ಬಂದ್. ಒಂದು ಲಾರಿ ಹಾರ್ನ್ ಹೊಡೆಯಿತು. ಹೊಡೆಯಲಿ.

ಸಂಜೆ ಮನೆಯವರೆಲ್ಲ ಒಂದು ಸುತ್ತು ಹೊರಟೆವು. ನಾನು ಹತ್ತಿರ ಬರುವಷ್ಟರಲ್ಲಿ ಅಪ್ಪ ಹಿಂದಿನ ಎಡ ಬಾಗಿಲು ತೆರೆದು, ನೆಟ್ಟಗೆ ನಿಂತು, ನಾನು ಒಳಗೆ ಕೂರಲಿ ಎಂದು ಕಾಯುತ್ತಿದ್ದರು.

"ಅಪ್ಪ, ಓಡಿಸೋಳು ನಾನು."

"ಓ. ಅಭ್ಯಾಸ," ಎಂದರು. ಬಾಗಿಲು ಮುಚ್ಚಲು ಹೋದವರು ಮುಚ್ಚಲಿಲ್ಲ. ಸ್ವಲ್ಪ ಹೊತ್ತು ಒಳಗೆ ನೋಡಿದರು. ಆಮೇಲೆ ತಲೆ ತಗ್ಗಿಸಿ ಹತ್ತಿ ಕೂತರು. ಮುಂದೆ ಕೂತ ಅಮ್ಮ ಹಿಂದೆ ತಿರುಗಿ, "ಮ್ಯಾನೇಜರ್ ಸಾಹೇಬ್ರಿಗೆ ಎಲ್ಲಿಗೆ ಹೋಗ್ಬೇಕಂತೆ?" ಎಂದಳು.

"ಮೂವತ್ತೊಂದು ವರ್ಷ ಇವರೆಲ್ಲ ಹಿಂದೆ ಕೂತು ಏನು ನೋಡ್ತಿದ್ರು ಅಂದ್ಕೋತಿದ್ದೆ," ಎಂದರು ಅಪ್ಪ. "ಬರೀ ಡ್ರೈವರ್ ತಲೆ ಕಾಣುತ್ತೆ."

ಜುಲೈ 1, ಸೋಮವಾರ

ಎಂಟೂ ಮುಕ್ಕಾಲಿಗೆ ಲ್ಯಾಬಿನ ಮುಂದೆ ನಿಲ್ಲಿಸಿದೆ. ಹಿಮ್ಮುಖವಾಗಿ, ಎರಡು ಬಿಳಿ ಕಾರುಗಳ ನಡುವೆ. ಆ ಸಾಲಿನಲ್ಲಿ ಒಟ್ಟು ಆರು ಬಿಳಿ. ಎದುರುಗಡೆ ಪಾಲಿಷ್ ಭಾವನ ಕೆಂಪು ಕಾರಿಗೆ ಒರಗಿ, ಬೆರಳಿಗೆ ಬೀಗದ ಕೈ ಸುತ್ತುತ್ತಿದ್ದ. ನನ್ನನ್ನು ಕಂಡು ಸುತ್ತುವುದನ್ನು ನಿಲ್ಲಿಸಿದ.

ಒಂಬತ್ತಕ್ಕೆ ದವಡೆ ಸಾರ್ ಹೊರಗೆ ಬಂದರು. "ಎಲ್ಲಮ್ಮ ಕಾರು?"

"ಬಿಳಿಯದು ಸಾರ್."

"ಆರಿದೆಯಲ್ಲ."

ನಾನು ತೋರಿಸುವ ಮೊದಲೇ ಅವರು ಸಾಲಿನ ಹಿಂದೆ ನಡೆಯುತ್ತ ಹೋದರು. ಐದನೆಯದರ ಹತ್ತಿರ ನಿಂತರು. ಬಗ್ಗಿದರು. "ಆಹಾ. ಯಾರಪ್ಪ ಕಟ್ಟಿದ್ದು ಈ ಬಾಗಿಲು?" ಎಂದರು.

ಪಾಲಿಷ್ ಓಡಿ ಬಂದ. "ಏನಾಗಿದೆ ಸಾರ್ ಬಾಗಿಲಿಗೆ?"

"ಕಾಣಲ್ವಾ ನಿಂಗೆ?"

"ಎಲ್ಲಾ ಬಿಳೀನೇ ಅಲ್ವಾ ಸಾರ್?"

ಸಾರ್ ಅವನ ಕಡೆ ಒಂದು ಕ್ಷಣ ನೋಡಿ, "ಪಟ್ಟಿ ತಾ," ಎಂದರು, ನನಗೆ. ಶೇಡ್ ಪಟ್ಟಿ ತಂದೆ. ಗುರು ಶಿಷ್ಯೆ ಇಬ್ಬರೂ ಬೀದಿಯಲ್ಲಿ ಮೊಣಕಾಲೂರಿ, ಕಾರಿನ ಬಾಗಿಲಿಗೆ ಒಂದೊಂದೇ ಹಲ್ಲು ಹಿಡಿದು ನೋಡಿದೆವು. ಎ-ಎರಡು ಅಂದರು, ಅಲ್ಲ ಸಾರ್ ಅಂದೆ. ಬಿ-ಮೂರು ಅಂದೆ, ಇಲ್ಲಮ್ಮ ಬೂದಿ ನೋಡು ಅಂದರು. ಹದಿನಾರೂ ಮುಗಿಯಿತು. ಒಂದೂ ಕೂಡಲಿಲ್ಲ. ರಸ್ತೆಯಲ್ಲಿ ಹೋಗುವವರೆಲ್ಲ ಕತ್ತು ತಿರುಗಿಸಿ ನಮ್ಮನ್ನು ನೋಡುತ್ತಿದ್ದರು. ಕಾರನ್ನಲ್ಲ.

"ಇದು ಪಟ್ಟಿಯಲ್ಲಿಲ್ಲ," ಎಂದು ಸಾರ್ ಮಂಡಿ ಕೊಡವಿಕೊಂಡು ಎದ್ದರು. ಜೇಬಿನಿಂದ ಶಾಖೆಯ ಬೀಗದ ಕೈ ತೆಗೆದರು. "ಮೊದಲ ಕ್ಲಿನಿಕ್ ಒಂಬತ್ತೂವರೆಗೆ ತೆಗೆಯುತ್ತೆ. ಅಚ್ಚು ಒಡೆದ್ರೆ ನಿನ್ನ ಹಲ್ಲೇ ಕಿತ್ತು ಇಡ್ತೀನಿ."

ಪಾಲಿಷ್ ಪರದೆಯ ಬಟ್ಟೆ ಕೊಡಲು ಬಂದ. ಪರದೆ ಬೇಡ ಅಂದೆ.

ಅಚ್ಚು ಒಂದೂ ಒಡೆಯಲಿಲ್ಲ. ಕಿಟಕಿ ನಿಜವಾಗಿಯೂ ಐದಡಿಗೆ ನಾಲ್ಕಡಿ.

ಮಧ್ಯಾಹ್ನ ಸಿಸ್ಟರ್ ಅಪ್ಪನನ್ನು ತಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ. ಪೊರೆ, ಎರಡೂ ಕಣ್ಣಿಗೆ. ತೆಗೆಯಬಹುದು, ಬರುವ ತಿಂಗಳು ತಾರೀಕು ಕೊಟ್ಟಿದ್ದಾರೆ. ಲೈಸೆನ್ಸಿನ ಮಾತು ಆಮೇಲೆ ಎಂದಿದ್ದಾರೆ. ನಾನಿದನ್ನು ಕೇಳಿದ್ದು ಮನೆಗೆ ಬಂದ ಮೇಲೆ.

ನಾನು ಬೀದಿಯ ತುದಿಯಲ್ಲಿ ತಿರುಗುವಾಗ ಸಂಜೆಯ ಹೊತ್ತು, ಕಾರುಗಳು ಸಾಲುಗಟ್ಟಿ ಬರುತ್ತಿದ್ದವು, ನನ್ನ ಹಿಂದೊಂದು ಬಿಳಿ, ಮುಂದೆರಡು. ಅಪ್ಪ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಮುಂದಿನ ಎರಡೂ ಹೋದವು, ಅಲುಗಲಿಲ್ಲ. ನನ್ನದು ಇನ್ನೂ ನಾಲ್ಕು ಮನೆ ಆಚೆ ಇರುವಾಗಲೇ ಎದ್ದು ಬಂದು ಗೇಟು ತೆಗೆದರು.